ಮೊದಲು ಉತ್ತರ

ಬೂಟಿನ ಹಿಮವನ್ನು ಹೊಸ್ತಿಲಲ್ಲೇ ಒದರುತ್ತ
ಮೊದಲ ದಿನವೇ ಹೇಳಿದ್ದಳು ಸ್ಕೈದ್ರೀತೆ:
ಮೊದಲು ಉತ್ತರ ಸರಿ ಮಾಡಿಕೊಳ್ಳಿ,
ಪ್ರಶ್ನೆ ಆಮೇಲೆ.

ನಾವು ಏಳು ಜನ. ದೌಗವ್‌ಪಿಲ್ಸಿನಲ್ಲಿ
ಮೂರನೇ ಮಹಡಿಯ ತರಬೇತಿ ಕೋಣೆ,
ಹೊರಗೆ ಮೈನಸ್ ಹದಿನೆಂಟು, ಹೊಳೆ ಕಲ್ಲಾಗಿತ್ತು.
ಮೂವತ್ತು ವರ್ಷ ಬಾಯ್ಲರುಗಳ ಮೈದಡವಿ ಬಂದ ನಾನು
ಮೌಸು ಹಿಡಿದರೆ ಗೋಡೆ ಓರೆಯಾಗುತ್ತಿತ್ತು.
ನನ್ನ ಪರದೆಯ ಶಾಲೆಯಲ್ಲಿ ಸೂರ್ಯ
ಶೌಚಾಲಯದ ಹಿಂದೆ ಹುಟ್ಟಿ
ಹೆಡ್‌ಮಾಸ್ತರ ಮೇಜಿನ ಮೇಲೆ ಮುಳುಗಿದ.
"ಆಯ್ನಾರ್ಸ್, ನಿನ್ನ ಉತ್ತರ ದಕ್ಷಿಣದಲ್ಲಿದೆ"
ಎಂದಳು. ನಗಲಿಲ್ಲ. ಉಳಿದವರು ನಕ್ಕರು.

ಇಟ್ಟಿಗೆ ಎಷ್ಟು ದಪ್ಪ, ಗಾಜು ಎಷ್ಟು ಪದರ,
ಸೂರಿನ ಕೆಳಗೆ ಮರದ ಹೊಟ್ಟೋ ಗಾಳಿಯೋ,
ಎಲ್ಲ ತುಂಬಿದೆವು. ಹವಾಮಾನದ ಕಡತ
ಬೇರೆ ಊರಿನದೆಂದು ತಿಳಿದದ್ದು ಬುಧವಾರ;
ಕಡಲ ತೀರದ ಮೆತ್ತನೆಯ ಚಳಿಯಲ್ಲಿ
ನಮ್ಮ ಶಾಲೆ ಎರಡು ದಿನ ಸುಖವಾಗಿತ್ತು.

ಕೊನೆಗೆ ಯಂತ್ರ ಹೇಳಿತು: ತೊಂಬತ್ತೆಂಟು.
ಶಾಲೆಯ ಬಿಲ್ಲು ಹೇಳಿತು: ನೂರ ನಲವತ್ತಮೂರು.
ಎತ್ತು ಏರಿಗೆ, ಕೋಣ ನೀರಿಗೆ.
ಚುರುಕು ಹುಡುಗಿ ವಿಜ್ಮಾ ಗೋಡೆಯ ಬಿರುಕುಗಳಲ್ಲಿ
ಇನ್ನಷ್ಟು ಗಾಳಿ ನುಗ್ಗಿಸಿದಳು,
ಮತ್ತಷ್ಟು, ಮತ್ತೂ ಒಂದಿಷ್ಟು,
ಎರಡು ಅಂಕಿಗಳೂ ಕೈಕುಲುಕುವವರೆಗೆ.
ಸ್ಕೈದ್ರೀತೆ ಅವಳ ಹಿಂದೆ ನಿಂತು ನೋಡಿದಳು.
"ಈ ಗಾಳಿಯನ್ನು ನೀನು ಕಂಡೆಯಾ?"
ಇಲ್ಲ.
"ಹಾಗಾದರೆ ಇದು ಲೆಕ್ಕವಲ್ಲ ಮಗಳೇ,
ಕದ್ದು ಬರೆದ ಉತ್ತರಪತ್ರಿಕೆ."

ಗಂಟೆಗಂಟೆಯ ಮೀಟರನ್ನು ಬಿಡಿಸಿ ಹರಡಿದೆವು.
ಮಂಗಳವಾರ, ಗುರುವಾರ, ಸಂಜೆ ಏಳರ ನಂತರ
ಮಕ್ಕಳೆಲ್ಲ ಮನೆ ಸೇರಿದ ಮೇಲೆ
ಗೆರೆ ಹಾವಿನಂತೆ ಹೆಡೆಯೆತ್ತಿ
ನಡುರಾತ್ರಿಯವರೆಗೂ ಇಳಿಯುತ್ತಿರಲಿಲ್ಲ.
ಬಾಯ್ಲರಿನ ದೋಷ ಅಂದರು ಯಾರೋ.
ನನಗೆ ಸಿಟ್ಟು ಬಂತು. ಆ ಬಾಯ್ಲರು ಕೂಡಿಸಿದವನು ನಾನು.

ಗುರುವಾರ ಹೋದೆವು, ಏಳೂ ಜನ, ಟ್ರಾಮ್ ಹಿಡಿದು.
ದ್ವಾರಪಾಲಕ ಜಿಗ್ಮುಂಟ್ಸ್ ಬೀಗದ ಗೊಂಚಲು ಅಲ್ಲಾಡಿಸುತ್ತ
"ಮೆಲ್ಲಗೆ" ಎಂದ.
ವ್ಯಾಯಾಮದ ಹಜಾರದಲ್ಲಿ ಐವತ್ತನಾಲ್ಕು ಜನ ಹಾಡುತ್ತಿದ್ದರು:
ಅಂಚೆಯವಳು, ದಂತವೈದ್ಯ, ರೈಲ್ವೆಯ ಇಬ್ಬರು,
ನನಗೆ ಮೀನು ಮಾರುವ ದಪ್ಪ ಹೆಂಗಸು,
ಬೇಸಿಗೆಯ ಹಬ್ಬಕ್ಕೆ ಫೆಬ್ರವರಿಯಲ್ಲೇ ತಾಲೀಮು.
ಕೆನ್ನೆಗಳು ಬೀಟ್‌ರೂಟಿನಂತೆ ಕೆಂಪು, ಕೋಟುಗಳು ನೆಲದ ಮೇಲೆ,
ಸೆಖೆಯೆಂದು ತೆರೆದಿಟ್ಟ ಮೂರು ಕಿಟಕಿ.
ಮೂರನೆಯದರ ಕೆಳಗೆ, ಬೆರಳುದ್ದ ದೂರದಲ್ಲಿ,
ಬಿಳಿ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಡಬ್ಬಿ.

ಸೆನ್ಸರ್.
ಹೆಪ್ಪುಗಟ್ಟಿಸುವ ಗಾಳಿಯನ್ನು ಕುಡಿದು ಕುಡಿದು
ಅದು ಬಾಯ್ಲರಿಗೆ ಕೂಗಿ ಹೇಳುತ್ತಿತ್ತು:
ಶಾಲೆಗೆ ಶಾಲೆಯೇ ಸಾಯುತ್ತಿದೆ, ಉರಿ, ಉರಿ!
ಅದು ಉರಿಯುತ್ತಿತ್ತು, ಪಾಪ,
ಮೂವತ್ತು ಖಾಲಿ ತರಗತಿಗಳಿಗೆ,
ಬೆಂಚುಗಳಿಗೆ, ಭೂಪಟಗಳಿಗೆ,
ಗಾಜಿನ ಪೆಟ್ಟಿಗೆಯ ಸತ್ತ ಗೂಬೆಗೆ.
ಅದನ್ನು ಅಲ್ಲಿ ಮೊಳೆ ಹೊಡೆದು ಕೂರಿಸಿದವನೂ ನಾನೇ.
ಹನ್ನೊಂದು ವರ್ಷದ ಹಿಂದೆ. ತಂತಿ ಗಿಡ್ಡವಿತ್ತು.
ಸ್ಕೈದ್ರೀತೆಗೆ ಆ ರಾತ್ರಿ ಹೇಳಲಿಲ್ಲ.

ಮರುದಿನ ವಿಜ್ಮಾ ಜನರನ್ನು ಒಳಗೆ ತುಂಬಿದಳು.
ಯಂತ್ರಕ್ಕೆ ಮನುಷ್ಯರೆಂದರೆ ಬಿಸಿ ಸೂಸುವ ಚೀಲಗಳು,
ಕೂತವನಿಗೆ ಇಷ್ಟು ವಾಟ್, ಟೈಪಿಸುವವನಿಗೆ ಇಷ್ಟು,
ನಡೆಯುವವನಿಗೆ, ಕುಣಿಯುವವನಿಗೆ...
ಪಟ್ಟಿಯಲ್ಲಿ ಹಾಡುವವರಿಗೆ ಜಾಗವಿಲ್ಲ.
"ಏನು ಹಾಕಲಿ?"
ತರಬೇತುಗಾರ್ತಿ ಬಹಳ ಹೊತ್ತು ಯೋಚಿಸಿದಳು,
ಅವಳೂ ಚಿಕ್ಕಂದಿನಲ್ಲಿ ಆಲ್ಟೋ ಅಂತೆ.
"ನಿಂತು ಹಗುರ ಕೆಲಸ ಅಂತ ಹಾಕು.
ಅದು ಸುಳ್ಳು ಎಂದು ವರದಿಯಲ್ಲಿ ಬರೆ."

ನೂರ ಮೂವತ್ತೊಂಬತ್ತು ಬಂತು.
ಉಳಿದ ನಾಲ್ಕರ ಬೆನ್ನು ಹತ್ತಬೇಡಿ ಎಂದಳು.

ಶನಿವಾರ ಉದ್ದನೆಯ ತಂತಿ ಹೆಗಲಿಗೆ ಸುತ್ತಿ
ಒಬ್ಬನೇ ಹೋಗಿ ಡಬ್ಬಿಯನ್ನು ಒಳಗೋಡೆಗೆ ಸರಿಸಿದೆ.
ಹಳೆಯ ಮೊಳೆತೂತಿಗೆ ಸುಣ್ಣ ಮೆತ್ತಿದೆ.
ಈಗ ಮಂಗಳವಾರಗಳಂದು
ಮೀನಿನಂಗಡಿಯಾಕೆ ತೂಗುತ್ತ ತೂಗುತ್ತ ಗೊಣಗುತ್ತಾಳೆ:
ಯಾವನೋ ಇಂಜಿನಿಯರು ಬಂದು ಹೋದಮೇಲೆ
ಹಜಾರದಲ್ಲಿ ಕಾಲು ತಣ್ಣಗಾಗುತ್ತಂತೆ.
ಕಿಟಕಿ ಮುಚ್ಚಿ ಹಾಡಿ ಎನ್ನಲು ಬಾಯಿ ತೆರೆಯುತ್ತೇನೆ,
ಎರಡು ಹೆರಿಂಗ್ ಸಾಕು, ಎನ್ನುತ್ತೇನೆ.