ಮಧ್ಯಮ ಚಂದ್ರ

ಸುಲ್ತಾನಪೇಟೆಯ ಪ್ರೆಸ್ಸಿನಲ್ಲಿ
ಪಂಚಾಂಗದ ಕರಡು ತಿದ್ದುವವಳು ನಾನು.
ಘಳಿಗೆ, ವಿಘಳಿಗೆ, ಬೆರಳಿಟ್ಟು ಓದುತ್ತೇನೆ;
ಒಂದು ಸೊನ್ನೆ ಜಾರಿದರೆ
ಯಾರೋ ಏಕಾದಶಿಯ ದಿನ ಉಂಡುಬಿಡುತ್ತಾರೆ.

ಪ್ರತಿ ಆಗಸ್ಟಿನ ಕೊನೆಗೆ ಕೇತೂರಾ ಬಾಯಿ ಚಿಂಚೋಳ್ಕರ್
ಬೆನ್ಸನ್ ಟೌನಿನಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ.
ಅಂಗೈಯಗಲದ ಕಾರ್ಡು, ಹದಿನೈದೇ ಪ್ರತಿ:
ಹನ್ನೆರಡು ತಿಂಗಳು, ಕೆಲವು ವರ್ಷ ಹದಿಮೂರು,
ಒಂದೊಂದರ ಮುಂದೆಯೂ ಚಂದ್ರ ಹುಟ್ಟುವ ಹೊತ್ತು.
"ಇಷ್ಟಕ್ಕೆ ಮೆಷಿನ್ ಓಡಿಸ್ಬೇಕಾ" ಎಂದು ಗೊಣಗುವ ಮುನಿವೆಂಕಟಪ್ಪ
ಅವರಿಗೆ ಮಾತ್ರ ಸ್ಟೂಲು ಒರೆಸಿ ಕೊಡುತ್ತಾನೆ.

ಮೊದಲ ವರ್ಷ ಕೇಳಿದ್ದೆ,
ಈ ಹೊತ್ತು ನಿಮಗೆ ಯಾರು ಕೊಡುತ್ತಾರೆ?
ನೀರಿನ ಬಿಲ್ಲು ಮಗುಚಿ ನನ್ನ ಮುಂದಿಟ್ಟರು.
"ಬರ್ಕೋ. ಇಪ್ಪತ್ತೊಂಬತ್ತು ದಿನ, ಹನ್ನೆರಡು ಗಂಟೆ,
ಏಳುನೂರ ತೊಂಬತ್ಮೂರು ಪಾಲು.
ಗಂಟೆಗೆ ಸಾವಿರದ ಎಂಬತ್ತು ಪಾಲು.
ನಾಲ್ಕು ವಾರ ಎತ್ತಿ ಬಿಸಾಕು, ಉಳಿಯೋದು ಒಂದೇ ದಿನ.
ಹೋದ ತಿಂಗಳು ಬುಧವಾರ, ಐದು ಗಂಟೆ, ನಾನೂರು ಪಾಲು.
ಕೂಡು."

ಕೂಡಿದೆ. ಪಾಲು ತುಂಬಿ ತುಳುಕಿ
ಒಂದು ಗಂಟೆಯಾಗಿ ಎಡಕ್ಕೆ ಸರಿಯಿತು.
ಗುರುವಾರ, ಹದಿನೆಂಟು ಗಂಟೆ, ನೂರ ಹದಿಮೂರು.
ಸಂಜೆ ಆರಾ? ಎಂದೆ.
"ನಮ್ಮ ದಿನ ಹುಟ್ಟೋದೇ ಹಿಂದಿನ ಸಂಜೆ ಆರಕ್ಕೆ, ತಾಯಿ.
ಇದು ಮಧ್ಯಾಹ್ನ. ಅದೂ ಜೆರುಸಲೇಮಿನ ಮಧ್ಯಾಹ್ನ.
ಇಲ್ಲಿ ಆಗ ಮೂರೂಕಾಲು,
ಮುನಿವೆಂಕಟಪ್ಪ ಟೀಗೆ ಹೋಗೋ ಹೊತ್ತು."

ಒಂದು ಪಾಲು ಮೂರು ಸೆಕೆಂಡಿನ ಮೇಲೆ ಚೂರು.
ನಮ್ಮ ವಿಘಳಿಗೆಯಲ್ಲಿ ಆರು ಪ್ರಾಣ, ಪ್ರಾಣಕ್ಕೆ ನಾಲ್ಕು ಸೆಕೆಂಡು.
ಅವರ ಪಾಲು ನಮ್ಮ ಪ್ರಾಣಕ್ಕಿಂತ ಒಂದಿಷ್ಟು ಗಿಡ್ಡ.

ಈ ಲೆಕ್ಕಕ್ಕೆ ಯಾರೂ ಮಾಳಿಗೆ ಹತ್ತುವುದಿಲ್ಲ.
ನಮ್ಮ ಚಂದ್ರ ಸ್ಫುಟ: ಒಮ್ಮೆ ಓಡುತ್ತಾನೆ, ಒಮ್ಮೆ ಕಾಲೆಳೆಯುತ್ತಾನೆ,
ತಿಥಿಯೂ ಅವನ ಜತೆ ಹಿಗ್ಗಿ ಕುಗ್ಗುತ್ತದೆ.
ಅವರದು ಮಧ್ಯಮ.
ಯಾವ ಆಕಾಶದಲ್ಲೂ ಇಲ್ಲದ ಸಮಗತಿಯ ಚಂದ್ರ,
ನಿಜದವನಿಗಿಂತ ಒಮ್ಮೊಮ್ಮೆ ಅರ್ಧ ದಿನ ಹಿಂದೆ, ಅರ್ಧ ದಿನ ಮುಂದೆ.
ಸುಳ್ಳಲ್ಲವೇ ಅದು, ಎಂದೆ.
"ಮೋಡ ಇದ್ರೂ ಹುಟ್ತಾನೆ. ಅಷ್ಟು ಸಾಕು."

ಅವರ ಹೊಸ ವರ್ಷ ಭಾನುವಾರ ಬರಕೂಡದು,
ಬುಧವಾರ, ಶುಕ್ರವಾರವೂ ಕೂಡದು.
ರಾಹುಕಾಲದ ಹಾಗಾ, ಎಂದದ್ದಕ್ಕೆ ಬೈಸಿಕೊಂಡೆ.
ಬಂದರೆ ದೂಡುತ್ತಾರೆ,
ದೂಡಿದ ದಿನವನ್ನು ಎಲ್ಲಾದರೂ ತುಂಬಬೇಕು, ಇಲ್ಲವೇ ಕಳೆಯಬೇಕು.
ಹಾಗೆ ಕಳೆಯುವ ತಿಂಗಳು ಹೆಶ್ವಾನ್;
ಕೆಲವು ವರ್ಷ ಅದಕ್ಕೆ ಮೂವತ್ತನೆಯ ದಿನವೇ ಇಲ್ಲ.

ಅಣ್ಣ ಹಯಾಮ್ ಸತ್ತದ್ದು ಹೆಶ್ವಾನ್ ಮೂವತ್ತಕ್ಕೆ.
ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸೆಕೆಂಡಿನ ಮುಳ್ಳು ಕೂರಿಸಿದವರು.
ಈಗ ಮೈಸೂರು ರಸ್ತೆ ಬದಿಯ ಚಿಕ್ಕ ಸ್ಮಶಾನದಲ್ಲಿದ್ದಾರೆ,
ಮೆಟ್ರೊ ಹೋದಾಗಲೆಲ್ಲ ಕಲ್ಲು ಸಣ್ಣಗೆ ನಡುಗುತ್ತದಂತೆ.
"ಮೊದಲನೇ ವರ್ಷದ್ದಕ್ಕೇ ಮೂವತ್ತು ಇರಲಿಲ್ಲ.
ಇಪ್ಪತ್ತೊಂಬತ್ತಕ್ಕೇ ದೀಪ ಹಚ್ಚಿದೆ."
ತಿಥಿ ನಮ್ಮಲ್ಲೂ ಕ್ಷಯವಾಗುತ್ತದೆ, ಎಂದೆ.
ತಲೆಯಾಡಿಸಿ, ಕೊಡೆಯ ಹಿಡಿಯನ್ನು ಸುಮ್ಮನೆ ತಿರುಗಿಸಿದರು.

ಈ ವರ್ಷ ಅವರ ಕೈ ನಡುಗುತ್ತದೆ.
"ನೀನೇ ಕೂಡು," ಎಂದರು.
ಒಂದು ದಿನ, ಹನ್ನೆರಡು ಗಂಟೆ, ಏಳುನೂರ ತೊಂಬತ್ಮೂರು;
ಮತ್ತೆ ಒಂದು ದಿನ, ಹನ್ನೆರಡು ಗಂಟೆ...
ಮುಂದಿನ ವರ್ಷಾರಂಭದವರೆಗೂ ಕೂಡಿ, ದಿನ ಎಣಿಸಿ, ನಿಲ್ಲಿಸಿದೆ.
ಹೇಳಲು ಬಾಯಿ ಬರಲಿಲ್ಲ.
"ಇಲ್ಲ ಅಲ್ವಾ?" ಎಂದರು ಅವರೇ.
"ಇರಲಿ. ಇಪ್ಪತ್ತೊಂಬತ್ತು ಆದ್ಮೇಲೆ
ಒಂದು ಅಂಕಿಯಷ್ಟು ಜಾಗ ಬಿಡು."

ಕರಡು ಬಂತು. ಅಚ್ಚುಕಟ್ಟಿನ ಮನುಷ್ಯ ಮುನಿವೆಂಕಟಪ್ಪ
ಸಾಲನ್ನು ಎಳೆದು ಕೂಡಿಸಿಬಿಟ್ಟಿದ್ದ.
ಬಿಡಿಸಿದೆ.
ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ಖಾಲಿ ಜಾಗ. ತಪ್ಪಲ್ಲ.
ಹೀಗೇ ಇರಲಿ.