ಕಂತಿನ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ.
ನಮ್ಮ ಹಾಸಿಗೆಯೇ ಮೂವತ್ತಾರು ಕಂತಿನದು.
ಅದರಲ್ಲಿ ಎಷ್ಟು ನಮ್ಮದು, ಎಷ್ಟು ಅಂಗಡಿಯದು,
ಯಾವ ಗೆರೆಯವರೆಗೆ ಕಾಲು?

ಇಕೀಕೆ ನಮ್ಮೂರು. ಬೆನ್ನಿಗೆ ಮರಳಗುಡ್ಡ, ಎದುರಿಗೆ ಶಾಂತಸಾಗರ,
ಮೇಲೆ ಮಳೆಯನ್ನೇ ಮರೆತ ಆಕಾಶ.
ಸಂಜೆ ಸೂರ್ಯ ಕಡಲಲ್ಲಿ ಕಂತುತ್ತಾನೆ,
ಒಂದು ದಿನವೂ ತಪ್ಪಿಸದೆ.
ನಾವು ತಪ್ಪಿಸಿದ್ದೆವು: ಮೂರು ಕಾರ್ಡು, ಒಂದು ಸೋಫಾ,
ಗೋಡೆಯಗಲದ ಟೀವಿ,
ಅಪ್ಪನ ಬಾಡಿಗೆ ಕಾರಿನ ಗೇರ್‌ಬಾಕ್ಸು.
ಫೋನು ಹೊಡೆದುಕೊಂಡರೆ ಮನೆಯೆಲ್ಲ ಉಸಿರು ಹಿಡಿಯುತ್ತಿತ್ತು,
ಬೆಕ್ಕು ಕೂಡ.

ಒಂದು ಭಾನುವಾರ, ಚಹದ ಹೊತ್ತಿಗೆ,
ಅಮ್ಮ ಯಾಸ್ನಾ ಬ್ರೆಡ್ಡಿನ ಬದಲು ಕಾಗದ ಹಂಚಿದಳು.
"ಯಾರಿಗೆ ಎಷ್ಟು ಕೊಡಬೇಕೋ ಬರೆಯಿರಿ.
ಮುಚ್ಚಿಟ್ಟವರು ಪಾತ್ರೆ ತೊಳೆಯಬೇಕು."
ಅಪ್ಪ ನಿಬಾಲ್ದೊ
ಮೇಜಿನ ಮೇಲೆ ಇಲ್ಲದ ಧೂಳು ಒರೆಸಿದ.
ಬರೆದ. ಹಾಳೆ ಮಗುಚಿ ಹಿಂದೆಯೂ ಬರೆದ.
ಅಮ್ಮ ಓದಿದಳು. ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ತನ್ನ ಹಾಳೆಯನ್ನು ಅವನತ್ತ ನೂಕಿದಳು.
ಅಲ್ಲೊಂದು ಕಾರ್ಡಿತ್ತು, ಅವನಿಗೆ ಗೊತ್ತಿಲ್ಲದ್ದು,
ನನ್ನ ಹಲ್ಲಿನ ತಂತಿಗೆಂದು ತೆಗೆದದ್ದು.
ನಾನು ತುಟಿ ಮುಚ್ಚಿಕೊಂಡೆ.
ಏಳು ವರ್ಷದ ಗಾಸ್ಪರ್ ದೊಡ್ಡಕ್ಷರದಲ್ಲಿ ಬರೆದಿದ್ದ:
ಪಕ್ಕದ ಮನೆಯ ರೊಮಿನಾಗೆ ಎರಡು ಗೋಲಿ. ಒಂದು ನೀಲಿ.

ಆ ರಾತ್ರಿ ಇಬ್ಬರೂ ಪಾತ್ರೆ ತೊಳೆದರು,
ನೀರಿನ ಸದ್ದಿನ ಕೆಳಗೆ ಅತ್ತರು ಅಂತ ಕಾಣುತ್ತದೆ.

"ಚಿಕ್ಕದ್ದು ಮೊದಲು ತೀರಲಿ," ಎಂದಳು ಅಜ್ಜಿ ಉಬೆರ್ಲಿಂದಾ.
ಹಾಗಾಗಿ ನಮ್ಮ ಮನೆಯಲ್ಲಿ ಮೊದಲು ಋಣ ಕಳೆದವನು ಗಾಸ್ಪರ್,
ಸೋಮವಾರ, ಶಾಲೆಯ ಬಸ್ಸಿಗೆ ಮುಂಚೆ.
ಎದೆ ಉಬ್ಬಿಸಿ ಮನೆಯೊಳಗೆ ಬಂದ.
ಅವನ ಮೇಲೆ ನಮಗೆಲ್ಲ ಹೊಟ್ಟೆಕಿಚ್ಚು.

ಟೀವಿ ಹೋಯಿತು. ಗೋಡೆಯಲ್ಲಿ ಉಳಿದ ನಾಲ್ಕು ತೂತನ್ನೇ
ತಮ್ಮ ಕೆಲವು ದಿನ ಕೂತು ನೋಡಿದ.
ಕಾರ್ಡುಗಳನ್ನು ಅಪ್ಪ ಕತ್ತರಿಸಿದ;
ತುಂಡು ಎಸೆಯಲು ಅಜ್ಜಿ ಬಿಡಲಿಲ್ಲ,
ಅದರಲ್ಲಿ ಮೀನಿನ ಹುರುಪೆ ಕೆರೆದಳು.
"ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಬಂತು ನೋಡು."
ಹೊಸ ವರ್ಷಕ್ಕೆ ಒಂದು ಚಮಚ ಚನ್ನಂಗಿಬೇಳೆ ತಿಂದರೆ
ದುಡ್ಡು ಬರುತ್ತದೆಂದು ನಮ್ಮಲ್ಲಿ ನಂಬಿಕೆ.
ಆ ವರ್ಷ ತಿಂಗಳಿಗೆ ಹದಿನೆಂಟು ದಿನ ಅದನ್ನೇ ತಿಂದೆವು.
ದುಡ್ಡು ಬರಲಿಲ್ಲ,
ಹೋಗುವುದು ಮಾತ್ರ ನಿಧಾನವಾಯಿತು.
ದಕ್ಷಿಣದ ಸರೋವರಗಳಿಗೆ ತರಗತಿಯ ಪ್ರವಾಸ ಹೊರಟಾಗ
ನನಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದೆ ಟೀಚರಿಗೆ.
ಇವತ್ತಿಗೂ ಆ ಸರೋವರಗಳನ್ನು ನೋಡಿಲ್ಲ.
ಅದು ಯಾವ ಲೆಕ್ಕದಲ್ಲೂ ಇಲ್ಲ.

ಎರಡನೇ ಚಳಿಗಾಲ ಗೇರ್‌ಬಾಕ್ಸು ಮತ್ತೆ ಕೈಕೊಟ್ಟಾಗ
ಅಜ್ಜಿ ತನ್ನ ತಗಡಿನ ಡಬ್ಬಿ ತಂದಿಟ್ಟಳು:
ಸ್ಮಶಾನದ ಗೋಡೆಯಲ್ಲೊಂದು ಗೂಡು, ಎರಡನೇ ಸಾಲು,
ಅರವತ್ತು ಕಂತು, ಅರವತ್ತೂ ಕಟ್ಟಿದ ರಸೀದಿ.
ಮನೆಯಲ್ಲಿ ಪೂರ್ತಿ ನಮ್ಮದಾಗಿದ್ದ ಒಂದೇ ಆಸ್ತಿ.
"ಮಾರಿಬಿಡಿ. ಸಾಯುವುದನ್ನು ಮುಂದೂಡುತ್ತೇನೆ,
ಅದಕ್ಕೇನು ಬಡ್ಡಿ ಬೀಳುವುದಿಲ್ಲವಲ್ಲ."
ಅಮ್ಮ ಬೇಡ ಅಂದಳು, ಬೇಡವೇ ಬೇಡ ಅಂದಳು,
ಬುಧವಾರ ಮಾರಿದಳು.

ಕೊನೆಯ ಕಂತು ಕಟ್ಟಿದ ದಿನ ಹಬ್ಬವೇನೂ ಮಾಡಲಿಲ್ಲ.
ಅಂಗಡಿಯ ಹುಡುಗಿ ಚೀಟಿ ಕೊಟ್ಟು
ಹೊಸ ಮಂಚ ತೋರಿಸಲೇ ಎಂದು ಕೇಳಿದಳಂತೆ.
ಹಾಸಿಗೆ ಈಗ ನಮ್ಮದು;
ಅಷ್ಟರಲ್ಲಿ ನಡುವೆ ಹಳ್ಳ ಬಿದ್ದಿತ್ತು.
ಅಪ್ಪ ಮಲಗಿ ಕಾಲು ಚಾಚಿದ,
ಹಿಮ್ಮಡಿ ಎರಡೂ ಹೊರಗೆ.
"ಸಾಲದು," ಎಂದ.
"ಸಾಲದ್ದಲ್ಲ," ಎಂದಳು ಅಮ್ಮ,
ದೀಪ ಆರಿಸುತ್ತ.