ಹಿಂದಿನ ಬೇರಿಂಗು

ಮೇಲಿನ ಮನೆಯ ಹೋದಾನ್ ತಂದಿಟ್ಟಳು
ನನ್ನ ಅಡುಗೆ ಮೇಜಿನ ಮೇಲೆ
ಹಳೇ ಪತ್ರಿಕೆಯಲ್ಲಿ ಸುತ್ತಿದ ಎಂಜಿನ್.
ದಪ್ಪ ಆಲೂಗಡ್ಡೆಯಷ್ಟಿದೆ.
ಹಳೇ ಸಾಮಾನಿನ ಸಂತೆಯಲ್ಲಿ ಇಪ್ಪತ್ತು ಯೂರೋ ಕೊಟ್ಟ ಕಾರಿನದಂತೆ.
ಕಾರು ಸರಿಯಿದೆ ತಾತ, ಇದರ ಗಂಟಲು ಮಾತ್ರ ಕೆಟ್ಟಿದೆ
ಅಂದಳು. ಅರ್ಧ ತುಟಿ ನೋಡಿ ಓದಿದೆ,
ಇನ್ನರ್ಧ ಊಹೆ.

ಕುವುಸಾನ್‌ಕೋಸ್ಕಿಯ ಕಾಗದದ ಗಿರಣಿಯಲ್ಲಿ
ಮೂವತ್ತೊಂದು ವರ್ಷ
ಕೇಳುವುದೇ ನನ್ನ ಕೆಲಸ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮನೆಗೆ, ಹಿಡಿ ಕಿವಿಗೆ.
ಆಳೆತ್ತರದ ಉರುಳೆಗಳು ಒಳಗೆ ಏನು ಗೊಣಗುತ್ತವೆಂದು
ಕೇಳಿ ಹೇಳಬೇಕು: ಈ ರಾತ್ರಿ ತಡೆದೀತು,
ನಾಳೆ ಸಂಜೆಗೆ ನಿಲ್ಲಿಸಿ.
ಎರಡೇ ಸಲ ತಪ್ಪಿದ್ದೆ.
ಎರಡನೆಯದರ ಕಥೆ ಯಾರಿಗೂ ಹೇಳುವುದಿಲ್ಲ.

ಕ್ರ್ಯಾಂಕನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ.
ಬಾಯಿಗೆ ಮರಳು ಸಿಕ್ಕ ಹಾಗೆ
ಕರಕರ, ಕರ, ಒಂದು ಕಡೆ ಬಂದು ತಡೆ.
ನಿನಗೆ ಕೇಳಿಸುತ್ತಾ? ಅಂದೆ.
ಹುಡುಗಿ ಕಿವಿ ಹತ್ತಿರ ತಂದು ಹುಬ್ಬು ಗಂಟಿಕ್ಕಿ
ಬೆಕ್ಕು ಒಣಮೀನು ಅಗಿಯುವ ಸದ್ದು, ಅಂದಳು.
ಸರಿ. ಹಿಂದಿನ ಬೇರಿಂಗು.
ಯಾರೋ ಹಿಂದಿನ ಚಳಿಗಾಲ ಓಡಿಸಿ,
ಉಳಿದ ಇಂಧನ ಒರೆಸದೆ, ಎಣ್ಣೆ ಬಿಡದೆ
ಮೂಲೆಗೆಸೆದವನು.
ಆ ಇಂಧನ ಗಾಳಿಯ ಪಸೆ ಕುಡಿಯುತ್ತದೆ,
ಕುಡಿದದ್ದನ್ನು ಉಕ್ಕಿಗೆ ಕುಡಿಸುತ್ತದೆ.

ತಿರುಪುಗಳನ್ನು ಮೊಟ್ಟೆ ಡಬ್ಬಿಯ ಗುಳಿಗಳಲ್ಲಿ ಒಂದೊಂದಾಗಿ ಇಟ್ಟೆವು.
ಪಿಸ್ಟನ್ ತೆಗೆಯುವಾಗ ಯಾವ ಮುಖ ಎತ್ತ ಇತ್ತೆಂದು
ಅವಳು ಫೋಟೊ ತೆಗೆದಳು.
ನಮ್ಮ ಕಾಲದಲ್ಲಿ ಸುಣ್ಣದ ಗೀಟು.

ಸೈಮಿ ಅಕ್ಕನ ಮನೆಗೆ ಹೋಗಿದ್ದಳು; ಓವನ್ ಖಾಲಿ.
ಬರಿಗೊಂಡ ಕವಚವನ್ನು ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದೆ.
ಹೊಸ ಬೇರಿಂಗುಗಳು ಫ್ರೀಜರಿನಲ್ಲಿ,
ಕಳೆದ ಆಗಸ್ಟಿನ ಬ್ಲೂಬೆರ್ರಿ ಚೀಲದ ಪಕ್ಕ.
ಕಾದದ್ದು ಅರಳಬೇಕು, ತಣಿದದ್ದು ಕುಗ್ಗಬೇಕು,
ಒಂದು ಕೂದಲೆಳೆ ಜಾಗಕ್ಕೆ ಇಷ್ಟೆಲ್ಲ.
ಸುತ್ತಿಗೆ ಯಾಕಿಲ್ಲ? ಕೇಳಿದಳು.
ಸುತ್ತಿಗೆ ಇದೆ, ಅದು ಇರುವಲ್ಲೇ ಇರಲಿ, ಅಂದೆ.

ಇಪ್ಪತ್ತು ನಿಮಿಷಕ್ಕೆ ಹರಳೆಣ್ಣೆಯ ಹೊಗೆ.
ಕೈಗವಸು ತೊಟ್ಟು, ಕವಚವನ್ನು ಬೋರಲು ಹಿಡಿದು
ಮರದ ಹಲಗೆಗೆ ಒಂದು ಏಟು.
ಎರಡು.
ಮೂರನೆಯದಕ್ಕೆ ಹಳೆಯದು ತಾನೇ ಜಾರಿ ಬಿತ್ತು
ಕಂದು ಹಲ್ಲಿನ ಉಂಗುರ.
ಮುಂದಿನದನ್ನು ಪೆನ್ಸಿಲಿನಿಂದ ನೂಕಿದೆ, ಬಂತು.
ಈಗ ಬೇಗ, ಈಗ, ಈಗ!
ಫ್ರೀಜರಿನಿಂದ ಓಡಿ ಬಂದವಳ ಬೆರಳುಗಳಿಂದ
ಹೊಸದು ತನ್ನ ಗೂಡಿಗೆ ಇಳಿಯಿತು.
ಟಿಕ್ ಅಂತ, ಅಂದಳು.
ನಾನು ನಂಬಿದೆ.

ಏಪ್ರಿಲ್ ಎರಡನೆಯ ಭಾನುವಾರ, ಅಂಗಳದಲ್ಲಿ
ಅರ್ಧ ಹಿಮ, ಅರ್ಧ ಕೆಸರು.
ಕಾರನ್ನು ಬಿಯರ್ ಪೆಟ್ಟಿಗೆಯ ಮೇಲೆ ಕೂರಿಸಿ
ಚಕ್ರ ಗಾಳಿಗೆ ಬಿಟ್ಟು ಹೊತ್ತಿಸಿದಳು.
ಮೂರನೇ ಮಹಡಿಯ ಕಿಟಕಿ ತೆರೆದು ಯಾರೋ ಬೈದರಂತೆ.
ನನಗೆ ನೀಲಿ ಹೊಗೆ ಕಂಡಿತು, ಅಷ್ಟೇ.
ಹಳೇ ಸ್ಕ್ರೂಡ್ರೈವರ್ ತಂದೆ,
ತುದಿಯನ್ನು ಕವಚಕ್ಕೆ ಮುಟ್ಟಿಸಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿದೆ.

ದವಡೆಯೊಳಗೆ ಸಣ್ಣಗೆ, ಒಂದೇ ಸಮನೆ,
ರೇಷ್ಮೆ ಎಳೆದಂತೆ.
ಮರಳಿಲ್ಲ.
ಅಲ್ಲ, ನಡುವೆ ಏನೋ ಒಂದು ಮಿಡಿತ ತಪ್ಪುತ್ತಿದೆ.
ಹೇಳಲೋ ಬೇಡವೋ ಎಂದು
ಇನ್ನೊಮ್ಮೆ ಕಚ್ಚಿ ನೋಡಿದೆ:
ಅದು ನನ್ನ ಕಟ್ಟಿಸಿದ ಹಲ್ಲು.

ಒಂದೇ ಗೋಳು, ಓವನ್ನಿನದು.
ಸೈಮಿ ಬೇಯಿಸುವ ಏಲಕ್ಕಿ ಬನ್ನಿಗೆ
ಈಗಲೂ ಹರಳೆಣ್ಣೆ ವಾಸನೆ.
ಅವಳು ಮಾತು ಬಿಟ್ಟು ಒಂಬತ್ತು ದಿನವಾಯಿತು ಎಂದು
ಹೋದಾನ್ ಹೇಳಿದ ಮೇಲೇ ನನಗೆ ಗೊತ್ತಾದದ್ದು.